ಹಳೇಬೀಡಿನ ಆನೆ ಸಾಲು ಮತ್ತು ನಾಲ್ಕು ರಾ ಸಾಫ್ಟ್‌ವೇರ್‌ಗಳು

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಬುಡದಲ್ಲಿ ಆನೆಗಳ ಸಾಲಿದೆ. ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಆಮೇಲೆ ಕುದುರೆ ಸವಾರರು. ನಾನು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವವಳು, ಮನೆ ಬೇಲೂರಿನಲ್ಲಿ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ಈ ಆನೆ ಸಾಲನ್ನು ಬರೆಯಲು ಕೊಡುತ್ತೇನೆ. ಎಲ್ಲರನ್ನೂ ದಿನಾ ದೇವಸ್ಥಾನಕ್ಕೆ ಕರೆದುಕೊಂಡು ಹೋಗಲು ಆಗುವುದಿಲ್ಲ. ಅದಕ್ಕೇ ಫೋಟೊ ತೆಗೆದು, ಎ3 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಬೋರ್ಡಿಗೆ ಅಂಟಿಸುತ್ತೇನೆ.

ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಪ್ರಿಂಟ್ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿ ಕೇಳಿದಳು: "ಮಿಸ್, ಈ ಆನೆ ಕತ್ತಲ್ಲಿ ಇರೋದು ಗಂಟೆನಾ, ಬರೀ ಹಗ್ಗನಾ?" ನಾನೂ ಬಗ್ಗಿ ನೋಡಿದೆ. ಗೊತ್ತಾಗಲಿಲ್ಲ. ಕತ್ತಿನ ಜಾಗದಲ್ಲಿ ನೀಲಿ ಬೂದು ಬಣ್ಣದ ಒಂದು ಮುದ್ದೆ ಇತ್ತು, ಅಷ್ಟೇ. ಬಳಪದ ಕಲ್ಲಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ತೆಗೆದ ಶಿಲ್ಪಿಯ ಕೆಲಸವನ್ನು ನನ್ನ ಫೋಟೊ ಮುದ್ದೆ ಮಾಡಿಟ್ಟಿತ್ತು. ಆವತ್ತು ರಾತ್ರಿ ನನಗೆ ತುಂಬಾ ಬೇಜಾರಾಯಿತು. ಕ್ಯಾಮೆರಾ ಕೆಟ್ಟದ್ದಲ್ಲ. ನಿಕಾನ್ ಡಿ7200, ಸೆಕೆಂಡ್ ಹ್ಯಾಂಡ್ ಆದರೂ ಗಟ್ಟಿಮುಟ್ಟಾಗಿದೆ. ಅಲ್ಲಿಯವರೆಗೆ ನಾನು ಬರೀ ಜೆಪೆಗ್ ತೆಗೆಯುತ್ತಿದ್ದೆ. ಆ ವಾರದಿಂದ ರಾ ತೆಗೆಯಲು ಶುರು ಮಾಡಿದೆ. ರಾ ತೆಗೆದರೆ ಅದನ್ನು ತೊಳೆದು ಬಣ್ಣ ಕೊಡಲು ಒಂದು ಸಾಫ್ಟ್‌ವೇರ್ ಬೇಕೇ ಬೇಕು. ಯಾವುದು? ಅದನ್ನು ತಿಳಿದುಕೊಳ್ಳಲು ಒಂದು ಇಡೀ ಬೇಸಿಗೆ ರಜೆ ಹಿಡಿಯಿತು. ಆ ರಜೆಯಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರಾ ಎಂದರೆ ಏನು ಅಂತ ಎರಡು ಮಾತು, ಗೊತ್ತಿರುವವರು ಮುಂದಕ್ಕೆ ಹೋಗಬಹುದು. ಕ್ಯಾಮೆರಾದ ಸೆನ್ಸರಿನಲ್ಲಿ ಒಂದೊಂದು ಚುಕ್ಕಿ ಒಂದೇ ಬಣ್ಣವನ್ನು ನೋಡುತ್ತದೆ. ಅರ್ಧ ಚುಕ್ಕಿಗಳು ಹಸಿರು, ಕಾಲು ಭಾಗ ಕೆಂಪು, ಇನ್ನು ಕಾಲು ಭಾಗ ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಮಾಡಿದ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಪ್ರತಿ ಚುಕ್ಕಿಯಲ್ಲೂ ಇಲ್ಲದ ಇನ್ನೆರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಲೆಕ್ಕ ಹಾಕಬೇಕು. ಇದಕ್ಕೆ ಡಿಮೊಸೇಯಿಕ್ ಅಂತಾರೆ. ಜೆಪೆಗ್ ತೆಗೆದರೆ ಕ್ಯಾಮೆರಾ ಒಳಗೇ ಕಣ್ಣು ಮಿಟುಕಿಸುವುದರಲ್ಲಿ ಈ ಕೆಲಸ ಮುಗಿಸಿ, ನಾಯ್ಸ್ (ಫೋಟೊದಲ್ಲಿ ಕಾಣುವ ಬೇಡದ ಕಣಗಳು) ಒರೆಸಿ, ಉಳಿದದ್ದನ್ನು ಎಸೆದುಬಿಡುತ್ತದೆ. ರಾ ಅಂದರೆ ಇದೊಂದೂ ಮಾಡದೆ ಸೆನ್ಸರ್ ಕಂಡದ್ದನ್ನು ಹಾಗೇ ಇಟ್ಟ ಫೈಲು. ನನ್ನ ಕ್ಯಾಮೆರಾದ 14 ಬಿಟ್ ರಾ ಫೈಲಿನಲ್ಲಿ ಕಪ್ಪಿನಿಂದ ಬಿಳಿಯವರೆಗೆ 16,384 ಮೆಟ್ಟಿಲುಗಳಿಗೆ ಜಾಗವಿದೆ. ಜೆಪೆಗ್‌ನಲ್ಲಿ 256. ಹಳೇಬೀಡಿನ ಕಲ್ಲು ಹೆಚ್ಚುಕಮ್ಮಿ ಒಂದೇ ಬಣ್ಣದ್ದು. ಅಲ್ಲಿ ಇರುವುದೆಲ್ಲಾ ಬೆಳಕು ನೆರಳಿನ ಸಣ್ಣ ಸಣ್ಣ ವ್ಯತ್ಯಾಸವೇ. ಮೆಟ್ಟಿಲು ಕಮ್ಮಿಯಾದರೆ, ಒರೆಸುವಿಕೆ ಜಾಸ್ತಿಯಾದರೆ, ಮೊದಲು ಹೋಗುವುದು ಉಳಿಯ ಗೆರೆ.

ಸಾಫ್ಟ್‌ವೇರ್ ಪರೀಕ್ಷೆಗೆ ನನ್ನದೇ ಮೂರು ಕಷ್ಟದ ಫೋಟೊಗಳನ್ನು ಆರಿಸಿಕೊಂಡೆ. ಒಂದು, ಹಳೇಬೀಡಿನ ಪಶ್ಚಿಮದ ಗೋಡೆಯ ಆನೆ ಸಾಲು. ದೇವಸ್ಥಾನದ ಮುಖ ಪೂರ್ವಕ್ಕಿದೆ, ಹಾಗಾಗಿ ಹಿಂದಿನ ಗೋಡೆಗೆ ಬೆಳಗ್ಗೆ ಬಿಸಿಲಿಲ್ಲ. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಬಿಸಿಲು ಮೇಲಿನಿಂದ ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ. ಆಗ ಕೆತ್ತನೆಯ ಒಂದೊಂದು ಗೆರೆಗೂ ತನ್ನದೇ ನೆರಳು ಬೀಳುತ್ತದೆ. ಸಂಜೆ ಬಿಸಿಲು ನೇರವಾಗಿ ಹೊಡೆದಾಗ ಬಣ್ಣ ಚೆಂದ, ಗೆರೆ ಮಾತ್ರ ಚಪ್ಪಟೆ. ಪ್ರವಾಸಿಗಳು ಸಂಜೆ ಬರುತ್ತಾರೆ, ನಾನು ಊಟದ ಹೊತ್ತಿಗೆ ಹೋಗುತ್ತೇನೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ) 100, ಎಫ್8 (ಲೆನ್ಸಿನ ಕಿಂಡಿಯ ಅಳತೆ).

ಎರಡನೆಯದು ಬೇಲೂರು ಚೆನ್ನಕೇಶವನ ನವರಂಗ, ಅಂದರೆ ಗುಡಿಯ ಒಳಮಂಟಪ. ಅಲ್ಲಿನ ಮದನಿಕೆಯರು 42 ಅಂತ ಎಲ್ಲರಿಗೂ ಗೊತ್ತು. ಅವರಲ್ಲಿ ನಾಲ್ವರು ಒಳಗಿದ್ದಾರೆ, ನಡುವಿನ ಕಂಬಗಳ ತಲೆಯ ಮೇಲೆ. ಜಾಲಂಧ್ರದಿಂದ (ಕಲ್ಲಿನ ಜಾಲರಿ ಕಿಟಕಿ) ಬರುವ ಬೆಳಕು ಸಾಲುವುದಿಲ್ಲ. ಅನುಮತಿ ಇಲ್ಲದೆ ಟ್ರೈಪಾಡ್ ಇಡುವ ಹಾಗಿಲ್ಲ. ಕಂಬಕ್ಕೆ ಎದುರಾಗಿ ನಿಂತು, ಉಸಿರು ಹಿಡಿದು, ಐಎಸ್‌ಒ 6400ರಲ್ಲಿ ತೆಗೆದ ಫೋಟೊ ಇದು. ಪರದೆಯಲ್ಲಿ ದೊಡ್ಡದು ಮಾಡಿದರೆ ಮೈಮೇಲೆಲ್ಲಾ ರವೆ ಚೆಲ್ಲಿದ ಹಾಗೆ ನಾಯ್ಸ್.

ಮೂರನೆಯದು ಆಲ್ದೂರಿನ ನನ್ನ ತವರಿನ ತೋಟದ್ದು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಅರಳುತ್ತದಲ್ಲಾ, ಆ ಬೆಳಗ್ಗೆ ತೆಗೆದದ್ದು. ಕಡು ಹಸಿರು ಎಲೆ, ಮೇಲೆ ಹಿಮದ ಹಾಗೆ ಹೂವು. ಸಿಲ್ವರ್ ಓಕ್ ಮರದ ಸಂದಿಯಿಂದ ಒಂದೇ ಒಂದು ಕೋಲು ಬಿಸಿಲು ಹೂವಿನ ಮೇಲೆ ಬಿದ್ದಿದೆ. ಜೆಪೆಗ್‌ನಲ್ಲಿ ಆ ಜಾಗ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ಎಸಳು ಎಲ್ಲಿ ಮುಗಿಯುತ್ತದೆ, ಪಕ್ಕದ್ದು ಎಲ್ಲಿ ಶುರುವಾಗುತ್ತದೆ ಅಂತ ತಿಳಿಯದು.

ಇನ್ನು ನನ್ನ ಲ್ಯಾಪ್‌ಟಾಪ್. ಐ5, 8 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಮುಂದೆ ಬರುವ ಅರ್ಧ ಮಾತು ಇದರ ಮೇಲೆ ನಿಂತಿದೆ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಪೇಟೆಯ ಒಂದು ಅಂಗಡಿಯಲ್ಲಿ ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಿದ್ದೆ. "ಮೇಡಂ, ಫೋಟೊ ಸಾಫ್ಟ್‌ವೇರ್ ಫ್ರೀಯಾಗಿ ಹಾಕಿಕೊಡ್ತೀನಿ" ಅಂದರು. ಹಾಕಿಸಿಕೊಂಡೆ. ಅದು ಕದ್ದ ಪ್ರತಿ. ಒಂದೂವರೆ ವರ್ಷದ ಮೇಲೆ ಲ್ಯಾಪ್‌ಟಾಪ್ ಪೂರ್ತಿ ವೈರಸ್ ತುಂಬಿ, ಫಾರ್ಮ್ಯಾಟ್ ಮಾಡಿಸಬೇಕಾಯಿತು. ಫೋಟೊಗಳೇನೋ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಉಳಿದವು. ಆದರೆ ನಾನು ಒಂದೊಂದು ಫೋಟೊಗೂ ಕೂತು ಮಾಡಿದ ತಿದ್ದುಪಡಿಗಳೆಲ್ಲಾ ಲ್ಯಾಪ್‌ಟಾಪಿನಲ್ಲಿದ್ದ ಒಂದೇ ಕ್ಯಾಟಲಾಗ್ ಫೈಲಿನಲ್ಲಿದ್ದವು. ಅದು ಹೋಯಿತು, ಎಲ್ಲಾ ಹೋಯಿತು. ಆಮೇಲೆ ನಾನು ಯಾವ ಸಾಫ್ಟ್‌ವೇರ್ ನೋಡಿದರೂ ಮೊದಲು ಕೇಳುವ ಪ್ರಶ್ನೆ ಇದು: ನನ್ನ ಕೆಲಸವನ್ನು ನೀನು ಎಲ್ಲಿ ಬರೆದಿಡುತ್ತೀಯ?

ಮೊದಲು ಹಾಕಿಕೊಂಡದ್ದು ನಿಕಾನ್‌ನವರದ್ದೇ ಎನ್‌ಎಕ್ಸ್ ಸ್ಟುಡಿಯೊ. 2021ರ ಮಾರ್ಚಿನಲ್ಲಿ ಬಂದದ್ದು, ಉಚಿತ. ಕ್ಯಾನನ್ ಇರುವವರಿಗೆ ಅವರದ್ದೇ ಡಿಜಿಟಲ್ ಫೋಟೊ ಪ್ರೊಫೆಷನಲ್ ಇದೆ, ಅದೂ ಉಚಿತ. ಎನ್‌ಎಕ್ಸ್ ಸ್ಟುಡಿಯೊದಲ್ಲಿ ರಾ ತೆರೆದ ಕೂಡಲೇ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಕಂಡ ಬಣ್ಣವೇ ಬರುತ್ತದೆ. ಹೊಸಬರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಹೇಳಿ ತೀರದು. ಕಲ್ಲು ನೆರಳಿನಲ್ಲಿ ನೀಲಿಯಾಗಿದ್ದರೆ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ, ಎಳೆದು ಸರಿ ಮಾಡಬಹುದು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; ಬಿಸಿಲಿಗೆ 5,200 ಕೆಲ್ವಿನ್ ಆಸುಪಾಸು ಇದ್ದರೆ, ನೆರಳಿಗೆ 7,000 ದಾಟಬೇಕಾಗುತ್ತದೆ. ನೆರಳಿನಲ್ಲಿದ್ದ ಆನೆಯ ಮೈ ನೀಲಿಯಿಂದ ತನ್ನ ನಿಜವಾದ ಹಸಿರು ಛಾಯೆಯ ಬೂದಿಗೆ ಬಂದಾಗ ನಾನು ಒಬ್ಬಳೇ ಕೂತು ನಕ್ಕಿದ್ದೆ. ಫೋಟೊದ ಒಂದು ಜಾಗಕ್ಕೆ ಚುಕ್ಕಿ ಇಟ್ಟು ಅಷ್ಟನ್ನೇ ಬೆಳಕು ಮಾಡುವ ಸೌಲಭ್ಯವೂ ಇದೆ. ತಿದ್ದುಪಡಿಗಳು ಫೋಟೊ ಇರುವ ಫೋಲ್ಡರಿನ ಒಳಗೇ ಒಂದು ಚಿಕ್ಕ ಫೋಲ್ಡರಿನಲ್ಲಿ ಕೂರುತ್ತವೆ. ನನ್ನ ಪ್ರಶ್ನೆಗೆ ಒಳ್ಳೆಯ ಉತ್ತರ.

ರಾ ಜೊತೆ ಮೊದಲ ತಿಂಗಳು ಕಳೆಯಲು ಇದಕ್ಕಿಂತ ಒಳ್ಳೆಯದು ಬೇಡ ಅಂತ ನನ್ನ ಅಭಿಪ್ರಾಯ. ಆದರೆ ಕಲ್ಲಿನ ಗೆರೆಗೆ ಇನ್ನೂ ಆಳಕ್ಕೆ ಇಳಿಯಬೇಕು ಅಂತ ನನಗೆ ಆಸೆ. ಡಿಮೊಸೇಯಿಕ್ ಹೇಗೆ ಮಾಡಬೇಕು ಅಂತ ನಾನೇ ಹೇಳಬೇಕು ಅನ್ನುವ ಹಟ ಬಂದಿತ್ತು. ಅದಕ್ಕೆ ಮುಂದೆ ಹೋದೆ.

ನನ್ನ ಮೈದುನ ಹಾಸನದಲ್ಲಿ ಮದುವೆ ಫೋಟೊ ತೆಗೆಯುತ್ತಾನೆ. "ಅತ್ತಿಗೆ, ಯಾಕೆ ಸುಮ್ನೆ ಕಷ್ಟಪಡ್ತೀರಾ? ಲೈಟ್‌ರೂಮ್ ಹಾಕ್ಕೊಳ್ಳಿ, ಎರಡು ದಿನದಲ್ಲಿ ಬರುತ್ತೆ" ಅಂದ. ಏಳು ದಿನದ ಟ್ರಯಲ್ ಇದೆ, ಹಾಕಿಕೊಂಡೆ. ಅವನು ಹೇಳಿದ್ದು ನಿಜ. ಎರಡು ದಿನ ಸಾಕು. ಎಲ್ಲಾ ಕೈಗೆ ಸಿಗುವ ಜಾಗದಲ್ಲಿದೆ. ಟೆಕ್ಸ್ಚರ್ ಅಂತ ಒಂದು ಸ್ಲೈಡರ್ ಇದೆ, 2019ರಲ್ಲಿ ಬಂದದ್ದು. ಅದನ್ನು ಸ್ವಲ್ಪ ಬಲಕ್ಕೆ ತಳ್ಳಿದರೆ ಕಲ್ಲಿನ ಮೈ ಎದ್ದು ಬರುತ್ತದೆ, ಹಾಗಂತ ಫೋಟೊ ಒರಟಾಗುವುದಿಲ್ಲ. ಮುಳ್ಳಯ್ಯನಗಿರಿಯಲ್ಲಿ ತೆಗೆದ ಮಂಜಿನ ಫೋಟೊಗೆ ಡಿಹೇಜ್ ಎಳೆದೆ, ಮಂಜಿನ ಹಿಂದಿನ ಬೆಟ್ಟದ ಸಾಲು ಮೆಲ್ಲಗೆ ಕಾಣಿಸಿತು. ಆಕಾಶವನ್ನು ತಾನೇ ಗುರುತಿಸಿ ಬೇರೆ ಮಾಡುತ್ತದೆ. ಬ್ರಷ್ ಹಿಡಿದು ಒದ್ದಾಡುವ ಕೆಲಸವೇ ಇಲ್ಲ.

2023ರ ಏಪ್ರಿಲ್‌ನಲ್ಲಿ ಬಂದ ಎಐ ಡಿನಾಯ್ಸ್ ಅನ್ನು ಬೇಲೂರಿನ ಮದನಿಕೆಯ ಮೇಲೆ ಓಡಿಸಿದೆ. ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು, ನನ್ನ ಹತ್ತಿರ ಇಲ್ಲ. ಹಾಗಾಗಿ ಒಂದು ಫೋಟೊಗೆ ಕಾಯುವಷ್ಟರಲ್ಲಿ ಒಲೆ ಮೇಲಿನ ಕುಕ್ಕರ್ ಮೂರು ಸಲ ಕೂಗಿ ಇಳಿದಿತ್ತು. ಕಾದದ್ದಕ್ಕೆ ಮೋಸವಿಲ್ಲ. ರವೆ ಎಲ್ಲಾ ಮಾಯ, ಮದನಿಕೆಯ ತೋಳಬಂದಿಯ ಕುಸುರಿ ಉಳಿದಿತ್ತು. ನಾಯ್ಸ್ ಒಂದನ್ನೇ ಅಳೆದರೆ ನನ್ನ ನಾಲ್ಕರಲ್ಲಿ ಇದೇ ಮೊದಲು. ಒಂದು ಎಚ್ಚರಿಕೆ ಮಾತ್ರ: ಸ್ಲೈಡರನ್ನು ಮಿತಿಯಲ್ಲಿಡಬೇಕು. ನಾನು ಆಸೆಯಿಂದ ಜಾಸ್ತಿ ಎಳೆದಾಗ ಕೆನ್ನೆಯ ಮೇಲಿದ್ದ ಕಲ್ಲಿನ ಕಣಗಳೂ ನಾಯ್ಸ್ ಜೊತೆ ಹೋಗಿ, ಮುಖ ಮೇಣದ ಹಾಗಾಯಿತು. ಅರ್ಧಕ್ಕಿಂತ ಕೆಳಗೆ ಇಳಿಸಿದ ಮೇಲೆ ಕಲ್ಲು ಮತ್ತೆ ಕಲ್ಲಾಯಿತು.

ಹಾಗಾದರೆ ಯಾಕೆ ತಗೊಳ್ಳಲಿಲ್ಲ? ಅದು ಬಾಡಿಗೆ ಮನೆ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದ ಕೊನೆಯ ಲೈಟ್‌ರೂಮ್ 6 ಬಂದದ್ದು 2015ರಲ್ಲಿ. ಈಗ ಚಂದಾ ಕಟ್ಟುತ್ತಲೇ ಇರಬೇಕು. ಕಟ್ಟುವುದು ನಿಲ್ಲಿಸಿದರೆ ಫೋಟೊಗಳು ನಮ್ಮ ಹತ್ತಿರವೇ ಇರುತ್ತವೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಲೈಬ್ರರಿಯೂ ತೆರೆಯುತ್ತದೆ. ಆದರೆ ತಿದ್ದುವ ಡೆವಲಪ್ ಕೋಣೆಗೆ ಬೀಗ. ತಿದ್ದುಪಡಿಗಳು ಕ್ಯಾಟಲಾಗ್‌ನಲ್ಲಿ ಕೂರುತ್ತವೆ. ಫೋಟೊದ ಪಕ್ಕದಲ್ಲಿ ಎಕ್ಸ್‌ಎಂಪಿ ಅನ್ನುವ ಪುಟ್ಟ ಫೈಲಾಗಿಯೂ ಬರೆಯಿರಿ ಅಂತ ನಾವು ಸೆಟ್ಟಿಂಗ್‌ನಲ್ಲಿ ಹೇಳಬೇಕು. ಈಗ ಬಳಸುವವರು ದಯವಿಟ್ಟು ಇವತ್ತೇ ಆ ಟಿಕ್ ಹಾಕಿಕೊಳ್ಳಿ, ನನಗೆ ಆದದ್ದು ಯಾರಿಗೂ ಆಗುವುದು ಬೇಡ. ನನ್ನ ಮೈದುನನಿಗೆ ಒಂದು ಮದುವೆಗೆ ಸಾವಿರಾರು ಫೋಟೊ. ಅವನಿಗೆ ಇದು ಹೊಟ್ಟೆಪಾಡು, ಚಂದಾ ಅವನ ಅಂಗಡಿಯ ಖರ್ಚು. ಅವನಿಗೆ ಲೈಟ್‌ರೂಮ್ ಸರಿಯಾದ ಆಯ್ಕೆ ಅಂತ ನಾನೂ ಹೇಳುತ್ತೇನೆ. ನಾನು ವರ್ಷಕ್ಕೆ ಇನ್ನೂರು ಫೋಟೊ ತಿದ್ದುವವಳು. ಅದಕ್ಕೆ ಪ್ರತಿ ತಿಂಗಳೂ ಬಾಡಿಗೆ ಕಟ್ಟಲು ಮನಸ್ಸು ಬರಲಿಲ್ಲ.

ಡಾರ್ಕ್‌ಟೇಬಲ್ ಹಾಕಿಕೊಟ್ಟದ್ದು ನನ್ನ ತಮ್ಮ. ಡಾರ್ಕ್‌ರೂಮ್ ಮತ್ತು ಲೈಟ್ ಟೇಬಲ್, ಎರಡೂ ಸೇರಿ ಆದ ಹೆಸರು ಅದು. ಇದು ಓಪನ್ ಸೋರ್ಸ್ (ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು), ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೊದಲ ಸಲ ರಾ ತೆರೆದವರು ಗಾಬರಿಯಾಗುತ್ತಾರೆ, ಯಾಕೆಂದರೆ ಫೋಟೊ ಪೇಲವವಾಗಿ ಕಾಣುತ್ತದೆ. ಕ್ಯಾಮೆರಾದ ಬಣ್ಣವನ್ನು ಅನುಕರಿಸಲು ಅದು ಹೋಗುವುದೇ ಇಲ್ಲ. ನೀನೇ ಮಾಡಿಕೋ ಅನ್ನುತ್ತದೆ. ಒಳಗೆ ಹತ್ತಾರು ಮಾಡ್ಯೂಲ್‌ಗಳಿವೆ, ಒಂದೊಂದು ಕೆಲಸಕ್ಕೆ ಒಂದೊಂದು. ಫಿಲ್ಮಿಕ್, ಸಿಗ್ಮಾಯ್ಡ್, ಟೋನ್ ಈಕ್ವಲೈಜರ್, ಇನ್ನೂ ಏನೇನೋ. ಎಲ್ಲದಕ್ಕೂ ಕೈ ಹಾಕಿದರೆ ತಲೆ ಕೆಡುತ್ತದೆ. "ಅಕ್ಕ, ಐದೇ ಐದು ಕಲಿ, ಉಳಿದದ್ದು ಮುಚ್ಚಿಡು" ಅಂತ ತಮ್ಮ ಹೇಳಿದ. ಅದು ಒಳ್ಳೆಯ ಸಲಹೆ. ಎಕ್ಸ್‌ಪೋಷರ್, ಸಿಗ್ಮಾಯ್ಡ್, ಕಲರ್ ಕ್ಯಾಲಿಬ್ರೇಷನ್, ಟೋನ್ ಈಕ್ವಲೈಜರ್, ಡಿನಾಯ್ಸ್ ಪ್ರೊಫೈಲ್ಡ್. ಇಷ್ಟರಲ್ಲಿ ನನ್ನ ಮೂರೂ ಫೋಟೊ ಮುಗಿದವು.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಟೋನ್ ಈಕ್ವಲೈಜರ್. ನವರಂಗದ ಫೋಟೊದಲ್ಲಿ ಒಂದು ಕಡೆ ಜಾಲಂಧ್ರ ಬೆಳ್ಳಗೆ ಉರಿಯುತ್ತಿತ್ತು, ಇನ್ನೊಂದು ಕಡೆ ಕಂಬ ಮಸಿಯ ಹಾಗೆ. ಮೌಸನ್ನು ಫೋಟೊದ ಕಪ್ಪು ಜಾಗದ ಮೇಲೆ ಇಟ್ಟು ಚಕ್ರ ತಿರುಗಿಸಿದರೆ ಅಷ್ಟೇ ಕತ್ತಲಿನ ಜಾಗಗಳು ಮಾತ್ರ ಮೇಲೆ ಬರುತ್ತವೆ. ಕಡೆದು ಮಾಡಿದ ಕಂಬದ ಬಳೆಗಳು ಒಂದೊಂದಾಗಿ ಕತ್ತಲಿನಿಂದ ಹೊರಗೆ ಬಂದವು. ಜಾಲಂಧ್ರ ಇದ್ದ ಹಾಗೇ ಇತ್ತು. ನಾಯ್ಸ್ ತೆಗೆಯುವ ಮಾಡ್ಯೂಲ್ ಕೂಡ ಜಾಣತನದ್ದು. ಯಾವ ಕ್ಯಾಮೆರಾ ಯಾವ ಐಎಸ್‌ಒನಲ್ಲಿ ಎಷ್ಟು ನಾಯ್ಸ್ ಕೊಡುತ್ತದೆ ಅಂತ ಮೊದಲೇ ಅಳೆದಿಟ್ಟ ಲೆಕ್ಕ ಅದರ ಒಳಗಿದೆ. ಫೈಲ್ ನೋಡಿ ತಾನೇ ಆರಿಸಿಕೊಳ್ಳುತ್ತದೆ. ಬ್ರಷ್‌ನಲ್ಲಿ ಮಾಸ್ಕ್ (ತಿದ್ದುಪಡಿ ಇಷ್ಟು ಜಾಗಕ್ಕೆ ಮಾತ್ರ ಅನ್ನುವ ಗಡಿ) ಬರೆಯಬಹುದು. ಡ್ರಾಯಿಂಗ್ ಟೀಚರ್ ಕೈಗೆ ಅದು ಬೇಗ ಹತ್ತಿತು. ತಿದ್ದುಪಡಿ ಪ್ರತಿ ಫೋಟೊದ ಪಕ್ಕದಲ್ಲೇ ಎಕ್ಸ್‌ಎಂಪಿ ಫೈಲಾಗಿ ಕೂರುತ್ತದೆ. ಅಲ್ಲಿಗೂ ಪೂರ್ತಿ ಅಂಕ.

ತೊಂದರೆ ನನ್ನ ಲ್ಯಾಪ್‌ಟಾಪಿನದ್ದು. ಈ ಮಾಡ್ಯೂಲ್‌ಗಳ ಲೆಕ್ಕಕ್ಕೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಗಾಳಿ. ಇಲ್ಲದಿದ್ದರೆ ಸ್ಲೈಡರ್ ಎಳೆದು, ಕೈ ಕಟ್ಟಿ ಕೂತು, ಆಮೇಲೆ ನೋಡಬೇಕು. ಡಿನಾಯ್ಸ್ ಹಾಕಿದ ಮೇಲಂತೂ ಪ್ರತಿ ಬದಲಾವಣೆಗೂ ಕಾಯುವುದೇ ಆಯಿತು. ನೋಡುತ್ತಾ ನೋಡುತ್ತಾ ತಿದ್ದುವ ಕೆಲಸ ಇದು. ನಡುವೆ ತಡೆ ಬಂದರೆ ಕಣ್ಣು ಹಿಂದಿನದ್ದನ್ನು ಮರೆತುಬಿಡುತ್ತದೆ. ಒಳ್ಳೆಯ ಕಂಪ್ಯೂಟರ್ ಇರುವವರು, ಕಲಿಯುವ ತಾಳ್ಮೆ ಇರುವವರು, ಡಾರ್ಕ್‌ಟೇಬಲ್ ಬಿಟ್ಟು ಬೇರೆ ಕಡೆ ನೋಡಬೇಕಾಗಿಲ್ಲ. ನಾನು 16 ಜಿಬಿ ರ್‍ಯಾಮ್ ಮತ್ತು ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ತಗೊಂಡ ದಿನ ಮತ್ತೆ ಇದರ ಮುಂದೆ ಕೂರುತ್ತೇನೆ.

ನಾಲ್ಕನೆಯದು ರಾಥೆರಪಿ. ಇದೂ ಓಪನ್ ಸೋರ್ಸ್, ಉಚಿತ, ಮೂರೂ ಕಡೆ ಓಡುತ್ತದೆ. ಹೆಸರು ಕೇಳಿದವರು ನಮ್ಮ ಕಡೆ ಕಮ್ಮಿ. ಇದನ್ನು ತೆರೆದ ದಿನ ನಾನು ಆನೆ ಸಾಲಿನ ಫೋಟೊ ಹಾಕಿ ರಾತ್ರಿ ಹನ್ನೊಂದರವರೆಗೆ ಎದ್ದಿರಲಿಲ್ಲ.

ರಾ ತೆರೆದ ಕೂಡಲೇ ಅದು ಫೈಲಿನ ಒಳಗೆ ಅಡಗಿರುವ ಕ್ಯಾಮೆರಾದ ಚಿಕ್ಕ ಜೆಪೆಗ್ ನೋಡಿ, ಅದಕ್ಕೆ ಹೊಂದುವ ಟೋನ್ ಕರ್ವ್ (ಬೆಳಕು ಕತ್ತಲಿನ ಹೊಂದಾಣಿಕೆ) ತಾನೇ ಹಾಕುತ್ತದೆ. ಹಾಗಾಗಿ ಪೇಲವವಾಗಿ ಕಾಣುವ ಗಾಬರಿ ಇಲ್ಲ. ಅಲ್ಲಿಂದ ರಾ ಅಂತ ಬರೆದ ಟ್ಯಾಬಿಗೆ ಹೋದರೆ ನಿಜವಾದ ಅಡುಗೆಮನೆ. ಡಿಮೊಸೇಯಿಕ್‌ಗೆ ಹತ್ತಕ್ಕೂ ಹೆಚ್ಚು ವಿಧಾನಗಳು ಪಟ್ಟಿಯಲ್ಲಿವೆ. ಕಮ್ಮಿ ಐಎಸ್‌ಒ ಫೋಟೊಗೆ ಅಮೇಜ್ ಅನ್ನುವುದು ಸೂಕ್ಷ್ಮ ಗೆರೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಅದರ ಜೊತೆ ವಿಎನ್‌ಜಿ4 ಸೇರಿಸಿದ ಜೋಡಿ ವಿಧಾನವೂ ಇದೆ. ಗೆರೆ ಇರುವ ಜಾಗದಲ್ಲಿ ಮೊದಲನೆಯದು, ನುಣುಪಾದ ಜಾಗದಲ್ಲಿ ಎರಡನೆಯದು ಕೆಲಸ ಮಾಡುತ್ತದೆ. ಆನೆಯ ಹೊಟ್ಟೆ ನುಣುಪು, ಮೇಲಿನ ಜೂಲು ಹೊದಿಕೆ ಪೂರ್ತಿ ಕುಸುರಿ. ಈ ಕೆತ್ತನೆಗೇ ಯಾರೋ ಯೋಚಿಸಿ ಮಾಡಿದ ಹಾಗಿದೆ ಅಲ್ವಾ ಅನ್ನಿಸಿತು.

ಅದರ ಕೆಳಗೇ ಕ್ಯಾಪ್ಚರ್ ಶಾರ್ಪನಿಂಗ್ ಅಂತ ಇದೆ. 2020ರಲ್ಲಿ ಬಂದ 5.8 ಆವೃತ್ತಿಯಲ್ಲಿ ಸೇರಿದ್ದು. ಲೆನ್ಸ್ ಮತ್ತು ಸೆನ್ಸರಿನಿಂದ ಆಗುವ ಸಣ್ಣ ಮಸುಕನ್ನು ಲೆಕ್ಕ ಹಾಕಿ ಹಿಂದಕ್ಕೆ ತಿರುಗಿಸುತ್ತದೆ. ಎಷ್ಟು ಬೇಕು ಅಂತ ತಾನೇ ಕಂಡುಹಿಡಿಯುತ್ತದೆ, ನಾವು ಬರೀ ಟಿಕ್ ಹಾಕಬೇಕು. ಟಿಕ್ ಹಾಕಿದೆ. ಶೇಕಡಾ 100ಕ್ಕೆ ಹಿಗ್ಗಿಸಿ ಆನೆಯ ಕತ್ತಿನ ಹತ್ತಿರ ಹೋದೆ. ಹಗ್ಗದ ಎರಡು ಎಳೆ ಹೊಸೆದ ಓರೆ ಗೆರೆಗಳು ಕಂಡವು. ಅದರ ಕೆಳಗೆ ಒಂದು ಪುಟ್ಟ ಉಬ್ಬು, ಉಬ್ಬಿನ ನಡುವೆ ಕೂದಲಿನಂಥ ಅಡ್ಡ ಗೆರೆ. ಗಂಟೆ! ಆ ಹುಡುಗಿ ಆಗಲೇ ಹತ್ತನೇ ತರಗತಿಗೆ ಹೋಗಿದ್ದಳು. ಶಾಲೆ ಶುರುವಾದ ದಿನವೇ ಕರೆದು ತೋರಿಸಿದೆ. "ನಾನು ಗಂಟೆ ಅಂತಾನೇ ಬರೆದಿದ್ದೆ ಮಿಸ್" ಅಂದಳು.

ಶಾರ್ಪನಿಂಗ್ ಮತ್ತು ಲೋಕಲ್ ಕಾಂಟ್ರಾಸ್ಟ್ (ಅಕ್ಕಪಕ್ಕದ ಬೆಳಕು ನೆರಳಿನ ವ್ಯತ್ಯಾಸ ಹೆಚ್ಚಿಸುವುದು) ಎರಡನ್ನೂ ಕಲ್ಲಿನ ಮೇಲೆ ಅತಿಯಾಗಿ ಹಾಕಬಾರದು. ಗೆರೆಯ ಪಕ್ಕ ಬಿಳಿ ಅಂಚು ಮೂಡಿ, ಕಲ್ಲು ಕಬ್ಬಿಣದ ಎರಕದ ಹಾಗೆ ಕಾಣುತ್ತದೆ. ನಾನು ನೋಡುವ ಗುರುತು ಆನೆಯ ಬೆನ್ನಿನ ಅಂಚು. ಅಲ್ಲಿ ಬಿಳಿ ದಾರ ಕಂಡರೆ ಜಾಸ್ತಿಯಾಯಿತು ಅಂತ ಅರ್ಥ, ಹಿಂದಕ್ಕೆ ಎಳೆಯುತ್ತೇನೆ.

ನವರಂಗದ ಫೋಟೊಗೆ ಡಿಮೊಸೇಯಿಕ್ ವಿಧಾನ ಬದಲಿಸಿ ಎಲ್‌ಎಂಎಂಎಸ್‌ಇ ಹಾಕಿದೆ. ಹೆಚ್ಚಿನ ಐಎಸ್‌ಒಗೆ ಅದು ಒಳ್ಳೆಯದು. ಆಮೇಲೆ ನಾಯ್ಸ್ ರಿಡಕ್ಷನ್‌ನಲ್ಲಿ ಬಣ್ಣದ ಚುಕ್ಕಿಗಳನ್ನು ಮಾತ್ರ ಪೂರ್ತಿ ತೆಗೆದು, ಕಪ್ಪು ಬಿಳಿ ಕಣಗಳನ್ನು ಸ್ವಲ್ಪ ಉಳಿಸಿಕೊಂಡೆ. ಲೈಟ್‌ರೂಮ್ ಎಐ ಅಷ್ಟು ಶುಭ್ರ ಬರಲಿಲ್ಲ, ಅದು ನಿಜ. ಆದರೆ ಉಳಿದ ಕಣಗಳು ಕಲ್ಲಿನ ಮೈಗೆ ಹೊಂದಿಕೊಂಡವು. ಎ3 ಪ್ರಿಂಟಿನಲ್ಲಿ, ಬೆಂಚಿನಲ್ಲಿ ಕೂತ ದೂರದಿಂದ ವ್ಯತ್ಯಾಸ ನನ್ನ ಕಣ್ಣಿಗೆ ಸಿಗಲಿಲ್ಲ. ಒಂದು ವಿಷಯ ನೆನಪಿರಲಿ: ನಾಯ್ಸ್ ರಿಡಕ್ಷನ್‌ನ ಫಲ ನೋಡಲು ಶೇಕಡಾ 100ಕ್ಕೆ ಹಿಗ್ಗಿಸಿ. ಇದು ಗೊತ್ತಿಲ್ಲದೆ, ಏನೂ ಆಗುತ್ತಿಲ್ಲ ಅಂತ ನಾನು ಅರ್ಧ ಗಂಟೆ ಸ್ಲೈಡರ್ ಎಳೆದಿದ್ದೆ.

ಕಾಫಿ ಹೂವಿನ ವಿಷಯ ಇನ್ನೊಂದು ಥರ. ಬಿಸಿಲಿನಲ್ಲಿ ಸಾಮಾನ್ಯವಾಗಿ ಹಸಿರು ಚುಕ್ಕಿಗಳೇ ಮೊದಲು ತುಂಬಿ ಹರಿಯುತ್ತವೆ. ಕೆಂಪು, ನೀಲಿಯಲ್ಲಿ ಇನ್ನೂ ಜಾಗ ಇರುತ್ತದೆ. ಅದನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಬಿಳಿ ಹೂವಿಗೆ ಗುಲಾಬಿ ಬಣ್ಣ ಬರುತ್ತದೆ. ಹೈಲೈಟ್ ರೀಕನ್‌ಸ್ಟ್ರಕ್ಷನ್ ಮಾಡುವುದು ಇದೇ ಕೆಲಸ: ಉಳಿದ ಎರಡು ಬಣ್ಣ ಮತ್ತು ಅಕ್ಕಪಕ್ಕದ ಚುಕ್ಕಿಗಳಿಂದ ಹೋದದ್ದನ್ನು ಕಟ್ಟಿಕೊಡುವುದು. ನಾಲ್ಕರಲ್ಲೂ ಸುಣ್ಣದ ಜಾಗದಲ್ಲಿ ಎಸಳುಗಳು ಕಂಡವು. ಈ ಫೋಟೊದಲ್ಲಿ ಯಾರು ಗೆದ್ದರು ಅಂತ ಹೇಳುವಷ್ಟು ವ್ಯತ್ಯಾಸವಿಲ್ಲ. ಮೂರು ಬಣ್ಣವೂ ತುಂಬಿ ಹರಿದಿದ್ದರೆ ಯಾವುದರ ಕೈಯಲ್ಲೂ ಆಗುವುದಿಲ್ಲ. ಹೂವು ತೆಗೆಯುವಾಗ ಕ್ಯಾಮೆರಾದಲ್ಲೇ ಬೆಳಕನ್ನು ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದರೆ ಅರ್ಧಕ್ಕೆ ಇಳಿಸುವುದು) ಕಮ್ಮಿ ಮಾಡಿಕೊಳ್ಳಿ, ಎಲೆಯ ಕತ್ತಲನ್ನು ಆಮೇಲೆ ಎತ್ತಬಹುದು.

ರಾಥೆರಪಿಯ ಕೊರತೆಗಳನ್ನೂ ಹೇಳಬೇಕು. ಬ್ರಷ್ ಇಲ್ಲ. 5.9ರಿಂದ ಲೋಕಲ್ ಅಡ್ಜಸ್ಟ್‌ಮೆಂಟ್ಸ್ ಅಂತ ಬಂದಿದೆ, ಆದರೆ ಅದು ದೀರ್ಘವೃತ್ತ ಇಟ್ಟು ಮಾಡುವ ಕೆಲಸ, ಕಲಿಯಲು ಕಷ್ಟ. ಮದನಿಕೆಯ ಮುಖಕ್ಕಷ್ಟೇ ಬೆಳಕು ಕೊಡಬೇಕಾದಾಗ ನಾನು ಈಗಲೂ ನಿಧಾನವಾದರೂ ಡಾರ್ಕ್‌ಟೇಬಲ್‌ಗೆ ಹೋಗುತ್ತೇನೆ. ಫೋಟೊಗಳನ್ನು ಹೆಸರಿಟ್ಟು ಹುಡುಕುವ ದೊಡ್ಡ ಲೈಬ್ರರಿ ಇಲ್ಲ. ಫೋಲ್ಡರ್, ನಕ್ಷತ್ರ, ಬಣ್ಣದ ಗುರುತು ಇಷ್ಟೇ. ನನಗೆ ಅದು ಸಾಕು. "ಹಳೇಬೀಡು ಪಶ್ಚಿಮ ಗೋಡೆ" ಅಂತ ಕನ್ನಡದಲ್ಲೇ ಫೋಲ್ಡರ್ ಮಾಡಿಕೊಂಡಿದ್ದೇನೆ.

ತಿದ್ದುಪಡಿ ಪ್ರತಿ ಫೋಟೊದ ಪಕ್ಕ ಪಿಪಿ3 ಅನ್ನುವ ಪುಟ್ಟ ಫೈಲಾಗಿ ಕೂರುತ್ತದೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಎಷ್ಟು ಕೆಲ್ವಿನ್, ಎಷ್ಟು ಎಕ್ಸ್‌ಪೋಷರ್, ಎಲ್ಲಾ ಸಾದಾ ಅಕ್ಷರದಲ್ಲಿದೆ. ಹಾರ್ಡ್ ಡಿಸ್ಕ್ ಕಾಪಿ ಮಾಡಿದರೆ ಫೋಟೊ ಜೊತೆ ನನ್ನ ಕೆಲಸವೂ ಹೋಗುತ್ತದೆ. ಒಮ್ಮೆ ಕಳೆದುಕೊಂಡವಳಿಗೆ ಇದರ ಬೆಲೆ ಗೊತ್ತು. ಇನ್ನೊಂದು, ಕ್ಯೂ. ತಿದ್ದಿದ ಫೋಟೊಗಳನ್ನೆಲ್ಲಾ ಸಾಲಿನಲ್ಲಿ ನಿಲ್ಲಿಸಿಟ್ಟು, ಆಮೇಲೆ ಒಟ್ಟಿಗೆ ಜೆಪೆಗ್ ಮಾಡಬಹುದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ. ಬ್ಯಾಟರಿಯಲ್ಲಿ ತಿದ್ದಿ ಸಾಲಿಗೆ ಹಾಕುತ್ತೇನೆ, ಕರೆಂಟು ಬಂದಾಗ ಸ್ಟಾರ್ಟ್ ಒತ್ತಿ ಅಡುಗೆಗೆ ಏಳುತ್ತೇನೆ.

ಕ್ಯಾಪ್ಚರ್ ಒನ್ ಮತ್ತು ಡಿಎಕ್ಸ್‌ಒ ಫೋಟೊಲ್ಯಾಬ್ ಬಗ್ಗೆ ಕೇಳುವವರಿದ್ದಾರೆ. ಎರಡಕ್ಕೂ ಒಳ್ಳೆಯ ಹೆಸರಿದೆ. ದುಡ್ಡು ಕೊಡಬೇಕು, ನಾನು ಬಳಸಿಲ್ಲ, ಹಾಗಾಗಿ ಅಭಿಪ್ರಾಯ ಹೇಳುವುದಿಲ್ಲ.

ನನ್ನ ಈಗಿನ ಕ್ರಮ ಹೀಗಿದೆ. ಕಾರ್ಡಿನಿಂದ ಫೋಟೊ ಇಳಿಸಿ ಎನ್‌ಎಕ್ಸ್ ಸ್ಟುಡಿಯೊದಲ್ಲಿ ನೋಡಿ, ಬೇಡದ್ದನ್ನು ತೆಗೆಯುತ್ತೇನೆ, ಅಲ್ಲಿ ಬೇಗ ಆಗುತ್ತದೆ. ಉಳಿದದ್ದು ರಾಥೆರಪಿಗೆ. ಪ್ರಿಂಟ್ ಹಾಕುವ ಹಾಸನದ ಲ್ಯಾಬಿನವರು ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳ ಬಣ್ಣದ ವ್ಯಾಪ್ತಿ) ಜೆಪೆಗ್ ಕೇಳುತ್ತಾರೆ. ಎ3ಗೆ ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ 4,961 ಗುಣಿಲೆ 3,508 ಬೇಕು. ನನ್ನ ಕ್ಯಾಮೆರಾ ಕೊಡುವುದು 6,000 ಗುಣಿಲೆ 4,000. ಎಳೆದು ದೊಡ್ಡದು ಮಾಡುವ ಅಗತ್ಯವೇ ಬರುವುದಿಲ್ಲ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿಕೊಂಡು ತಿದ್ದುತ್ತೇನೆ. ಪೂರ್ತಿ ಬೆಳಕಿನಲ್ಲಿ ತಿದ್ದಿದ ಮೊದಲ ಪ್ರಿಂಟ್ ಕತ್ತಲಾಗಿ ಬಂದಿತ್ತು.

ಬೇಲೂರು, ಹಳೇಬೀಡು, ಚಿಕ್ಕಮಗಳೂರು ಕಡೆ ಕಲ್ಲು ತೆಗೆಯುವವರು ಯಾರಾದರೂ ಇದ್ದರೆ ಇಷ್ಟು ಮಾಡಿ ನೋಡಿ: ಅಮೇಜ್ ಜೊತೆ ವಿಎನ್‌ಜಿ4, ಕ್ಯಾಪ್ಚರ್ ಶಾರ್ಪನಿಂಗ್‌ಗೆ ಟಿಕ್, ಲೋಕಲ್ ಕಾಂಟ್ರಾಸ್ಟ್ ಸ್ವಲ್ಪವೇ ಸ್ವಲ್ಪ, ವೈಟ್ ಬ್ಯಾಲೆನ್ಸ್ ಕಲ್ಲನ್ನು ಕಣ್ಣಾರೆ ನೋಡಿದ ನೆನಪಿನ ಮೇಲೆ. ಮಧ್ಯಾಹ್ನ ಒಂದು ಗಂಟೆಗೆ, ಪಶ್ಚಿಮದ ಗೋಡೆ. ನೆಲ ಕಾದಿರುತ್ತದೆ, ಚಪ್ಪಲಿ ಹೊರಗೆ ಬಿಟ್ಟಿರುತ್ತೀರಿ, ಸಾಕ್ಸ್ ಹಾಕಿಕೊಂಡು ಹೋಗಿ.